ಕಾರು ನಮ್ಮದು, ಗುದ್ದಿದ್ದು ಭಾವ: ಇನ್ಶೂರೆನ್ಸ್ ಸಿಗುತ್ತದಾ?

ಕಳೆದ ಮಳೆಗಾಲದ ಶುರುವಿನಲ್ಲಿ ಭಾವ ನನ್ನ ಕಾರನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮುರಕಲ್ಲಿನ ಪಾಗಾರಕ್ಕೆ ಗುದ್ದಿದರು. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ ಆದದ್ದು. ಯಾರಿಗೂ ಪೆಟ್ಟಾಗಲಿಲ್ಲ. ಎಡಗಡೆಯ ಹೆಡ್‌ಲೈಟು ಒಡೆದಿತ್ತು, ಬಂಪರು ಅರ್ಧ ಕಳಚಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಗ್ಯಾರೇಜಿನವನು ಬಾನೆಟ್ ಎತ್ತುವ ಮೊದಲೇ ಸಲಹೆ ಕೊಟ್ಟ: "ಓಡಿಸಿದ್ದು ನೀವೇ ಅಂತ ಬರೆಯಿರಿ ಮಾಷ್ಟ್ರೇ. ಬೇರೆಯವರು ಅಂದ್ರೆ ಒಂದು ಪೈಸೆ ಸಿಗುವುದಿಲ್ಲ."

ಅವನು ಹೇಳಿದ್ದು ತಪ್ಪು. ಇನ್ಶೂರೆನ್ಸ್ ಇರುವುದು ಗಾಡಿಗೆ. ನಿಮ್ಮ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸ್ ಇರುವ ಯಾರೇ ಓಡಿಸಿದರೂ ಪಾಲಿಸಿ ನಡೆಯುತ್ತದೆ. ಪಾಲಿಸಿ ಕಾಗದದಲ್ಲಿ ಯಾರು ಓಡಿಸಬಹುದು ಎಂಬ ಸಾಲು ಇದ್ದೇ ಇರುತ್ತದೆ, ಒಮ್ಮೆ ತೆಗೆದು ನೋಡಿ. ಸಿಗುವ ದುಡ್ಡು ಕೈತಪ್ಪುವುದು ಸುಳ್ಳು ಬರೆದಾಗ.

ಕೀಲಿ ಕೊಡುವ ಮೊದಲು

ಲೈಸೆನ್ಸ್ ನೋಡಿ. ನೆಂಟರ ಹತ್ತಿರ ಕೇಳುವುದು ಹೇಗೆ ಅಂತ ನಾಚಿಕೆಯಾಗುತ್ತದೆ, ನಿಜ. "ಒಂದು ಫೋಟೋ ಕಳಿಸಿ, ದಾರಿಯಲ್ಲಿ ಪೊಲೀಸರು ಹಿಡಿದರೆ ಬೇಕಾಗುತ್ತದೆ" ಅಂದರೆ ಸಾಕು. ಅದರಲ್ಲಿ ಎರಡು ವಿಷಯ ನೋಡಿ: ಎಲ್‌ಎಂವಿ (ಕಾರಿನಂಥ ಲಘು ವಾಹನ) ಅಂತ ಇದೆಯಾ, ಅವಧಿ ಮುಗಿದಿಲ್ಲವಾ.

ಗಲ್ಫಿನಿಂದ ರಜೆಗೆ ಬಂದವರ ವಿಷಯದಲ್ಲಿ ಸ್ವಲ್ಪ ಜಾಸ್ತಿ ಜಾಗ್ರತೆ ಬೇಕು. ದುಬೈಯಲ್ಲಿ ಹತ್ತು ವರ್ಷ ಓಡಿಸಿರುತ್ತಾರೆ, ಊರಿನ ಲೈಸೆನ್ಸ್ ಯಾವಾಗಲೋ ಮುಗಿದಿರುತ್ತದೆ. ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತದೆ ಎಂಬ ಲೆಕ್ಕ 2019ರ ತಿದ್ದುಪಡಿಯೊಂದಿಗೆ ಹೋಯಿತು.

ಲೈಸೆನ್ಸ್ ಇಲ್ಲದವರಿಗೆ ಅಥವಾ ಕುಡಿದವರಿಗೆ ಕೊಟ್ಟರೆ ನಿಮ್ಮ ಕಾರಿನ ರಿಪೇರಿ ದುಡ್ಡಿನ ಆಸೆ ಬಿಟ್ಟುಬಿಡಿ. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ, ಕಂಪನಿ ಮೊದಲು ಗಾಯಾಳುವಿಗೆ ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಅಪಘಾತ ಪರಿಹಾರದ ನ್ಯಾಯಮಂಡಳಿಗಳು ಆದೇಶ ಮಾಡುವುದುಂಟು. ಇನ್ನು 18 ತುಂಬದ ಹುಡುಗ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

ಇನ್ನೊಂದು ನಮ್ಮ ಕಡೆ ಮಾಮೂಲಿ. ಮಗ ಗಲ್ಫಿನಲ್ಲಿ, ಕಾರು ಶೆಡ್ಡಿನಲ್ಲಿ. ಸುಮ್ನೆ ನಿಂತಿರುವುದೇಕೆ ಅಂತ ಮದುವೆಗೆ, ಏರ್‌ಪೋರ್ಟಿಗೆ ದಿನಬಾಡಿಗೆಗೆ ಕೊಡುತ್ತಾರೆ. ಬಿಳಿ ಬೋರ್ಡಿನ, ಅಂದರೆ ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಬಿಟ್ಟದ್ದು ಗೊತ್ತಾದರೆ ಕಂಪನಿ ಕ್ಲೇಮ್ ತಳ್ಳಿಹಾಕುತ್ತದೆ. ಪೆಟ್ರೋಲ್ ಹಾಕಿಸಿಕೊಂಡು ಹೋಗಿ ಬರುವ ನೆಂಟನಿಗೂ ಬಾಡಿಗೆಯವನಿಗೂ ವ್ಯತ್ಯಾಸ ಇದೆ, ಅಲ್ವಾ?

ಗುದ್ದಿದ ಮೇಲೆ

ಕಾರು ಸರಿಸುವ ಮೊದಲು ನಾಲ್ಕು ಕಡೆಯಿಂದ ಫೋಟೋ. ನಂಬರ್ ಪ್ಲೇಟೂ ರಸ್ತೆಯೂ ಒಟ್ಟಿಗೆ ಕಾಣಬೇಕು. ಪೆಟ್ಟಾದವರಿದ್ದರೆ ಫೋಟೋ ಆಮೇಲೆ, ಮೊದಲು ಆಸ್ಪತ್ರೆ, ಜೊತೆಗೆ ಪೊಲೀಸರಿಗೆ ತಿಳಿಸುವುದು. ಅದೇ ದಿನ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಹಾನಿ ಅಳೆಯುವ ಸರ್ವೇಯರ್ ನೋಡಿ ಹೋಗುವವರೆಗೆ ಗ್ಯಾರೇಜಿನಲ್ಲಿ ಒಂದು ಬೋಲ್ಟೂ ಬಿಚ್ಚಿಸಬೇಡಿ.

ಕೇರಳದಲ್ಲಿ ಠಾಣೆಯಿಂದ ಜಿ.ಡಿ. ಎಂಟ್ರಿ ಕೇಳುತ್ತಾರೆ. ಠಾಣೆಯ ದಿನಚರಿಯಲ್ಲಿ ಬರೆದ ಅಪಘಾತದ ವಿವರದ ಪ್ರತಿ ಅದು. ಕೇರಳ ಪೊಲೀಸರ ಪೋಲ್ ಆ್ಯಪ್‌ನಲ್ಲೂ ಅರ್ಜಿ ಹಾಕಬಹುದು. ನಮಗೆ ಸಿಕ್ಕಿದ ಪ್ರತಿ ಮಲಯಾಳದಲ್ಲಿತ್ತು. ನನಗೆ ಮಾತಾಡಲು ಬರುತ್ತದೆ, ಓದಲು ಕಷ್ಟ. ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು. ಅದರಲ್ಲಿ ಓಡಿಸಿದವರು ಅಂತ ಭಾವನ ಹೆಸರೇ ಇತ್ತು! ಗ್ಯಾರೇಜಿನವನ ಮಾತು ಕೇಳಿ ಫಾರ್ಮಿನಲ್ಲಿ ನನ್ನ ಹೆಸರು ಬರೆದಿದ್ದರೆ ಎರಡು ಕಾಗದ ಎರಡು ಕಥೆ ಹೇಳುತ್ತಿದ್ದವು. ಕ್ಲೇಮ್ ಅಲ್ಲಿಗೇ ಮುಗಿಯುತ್ತಿತ್ತು.

ಫಾರ್ಮಿನಲ್ಲಿ ಚಾಲಕನ ಹೆಸರು ಭಾವನದ್ದು, ಲೈಸೆನ್ಸ್ ಪ್ರತಿ ಭಾವನದ್ದು, ಸಹಿ ಮಾಲೀಕನಾದ ನನ್ನದು.

ಪಾಗಾರದ ಮನೆಯವರಿಗೆ ಕೆಲವು ಮುರಕಲ್ಲು ಮತ್ತು ಮೇಸ್ತ್ರಿಯ ಒಂದು ದಿನದ ಸಂಬಳ ಭಾವನೇ ಕೊಟ್ಟರು. ಬೇರೆಯವರ ಆಸ್ತಿಗೆ ಆದ ಹಾನಿಗೆ ನಮ್ಮ ಪಾಲಿಸಿಯಲ್ಲಿ 7.5 ಲಕ್ಷದವರೆಗೆ ರಕ್ಷಣೆ ಇದೆ, ಆದರೆ ನಾಲ್ಕು ಕಲ್ಲಿಗೆ ನ್ಯಾಯಮಂಡಳಿ ಮೆಟ್ಟಿಲು ಹತ್ತುವವರು ಯಾರು? ಮನುಷ್ಯರಿಗೆ ಪೆಟ್ಟಾದಾಗ ಮಾತ್ರ ರಸ್ತೆ ಬದಿಯ ರಾಜಿ ಬೇಡ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಂಡು ದುಡ್ಡಿನ ಮಾತು ಕೊಡಬಾರದು ಅಂತ ಪಾಲಿಸಿಯಲ್ಲೇ ಷರತ್ತಿದೆ.

ಬಿಲ್ಲಿನ ಲೆಕ್ಕ

ಇದೆಲ್ಲ ಫುಲ್ ಇನ್ಶೂರೆನ್ಸ್ ಇದ್ದವರಿಗೆ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಬಂಪರ್ ನಿಮ್ಮದೇ ಖರ್ಚು.

ನನ್ನ ಕಾರಿಗೆ ಮೂರು ವರ್ಷ ದಾಟಿತ್ತು. ತೆರಿಗೆ ಬಿಟ್ಟು ಬಿಲ್ಲು 23,000. ಬಂಪರು 8,000, ಹೆಡ್‌ಲೈಟು 6,000. ಎರಡೂ ಪ್ಲಾಸ್ಟಿಕ್ ಲೆಕ್ಕ, ಹಾಗಾಗಿ ಅರ್ಧ ಕಡಿತ. ತಗಡಿನ ಫೆಂಡರು 4,000, ಕಾರಿನ ಪ್ರಾಯ ನೋಡಿ ಶೇಕಡಾ 25 ಕಡಿತ. ಕೆಲಸದ ಕೂಲಿ 5,000 ಪೂರ್ತಿ ಸಿಕ್ಕಿತು. ಒಟ್ಟು 15,000. ಅದರಲ್ಲಿ ಮಾಲೀಕನ ಪಾಲು ಅಂತ 1,000 ತೆಗೆದು ಕೊನೆಗೆ ಬಂದದ್ದು 14,000. ಬಂಪರ್ ಟು ಬಂಪರ್ ಪಾಲಿಸಿ ಇದ್ದಿದ್ದರೆ ಪ್ಲಾಸ್ಟಿಕ್, ತಗಡಿನ ಕಡಿತ ಇರುತ್ತಿರಲಿಲ್ಲ.

ಆದರೆ ಕ್ಲೇಮ್ ಮಾಡಿದ ಮೇಲೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಗುದ್ದಿದ್ದು ಭಾವನಾದರೂ ಹೋಗುವುದು ನನ್ನ ಬೋನಸ್ಸೇ. ಮುಂದಿನ ವರ್ಷ ಶೇಕಡಾ 45 ರಿಯಾಯಿತಿ ಆಗಬೇಕಿದ್ದದ್ದು ಸೊನ್ನೆಗೆ ಬಂತು. ಇದು 20, 25, 35, 45, 50 ಎಂದು ವರ್ಷ ವರ್ಷ ಮತ್ತೆ ಹತ್ತಬೇಕು. ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂ 8,000 ಅಂತ ಹಿಡಿದರೆ ಐದು ವರ್ಷದಲ್ಲಿ ನಷ್ಟ ಸುಮಾರು 9,600. ಅಂದರೆ ನನಗೆ ನಿಜವಾಗಿ ಉಳಿದದ್ದು 4,400. ಬಿಲ್ಲು ಹತ್ತು ಸಾವಿರದ ಒಳಗಿದ್ದಿದ್ದರೆ ನಾನು ಕ್ಲೇಮಿಗೆ ಹೋಗುತ್ತಲೇ ಇರಲಿಲ್ಲ.

ಭಾವನ ಕಾಲು ಮುರಿದಿದ್ದರೆ?

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು. ಭಾವ ಪಾಗಾರದ ಬದಲು ಒಂದು ಆಟೋಗೆ ಗುದ್ದಿದ್ದರೆ ಅದರಲ್ಲಿದ್ದವರಿಗೆ ಪರಿಹಾರ ಇದೆ. ಫುಲ್ ಇನ್ಶೂರೆನ್ಸ್ ಆದರೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಅಕ್ಕನಿಗೂ ಇದೆ. ಸ್ಟೇರಿಂಗ್ ಹಿಡಿದು ತಾನೇ ತಪ್ಪು ಮಾಡಿದ ಭಾವನಿಗೆ ಇಲ್ಲ. ಪಾಲಿಸಿಯ ಜೊತೆ ಕಟ್ಟಿಸಿಕೊಳ್ಳುವ 15 ಲಕ್ಷದ ಅಪಘಾತ ವಿಮೆ ಮಾಲೀಕ-ಚಾಲಕನಿಗೆ ಮಾತ್ರ. ಕರ್ನಾಟಕದ್ದೇ ಒಂದು ಪ್ರಕರಣ 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇತ್ತು. ಬೇರೆಯವರ ಬೈಕ್ ಕೇಳಿ ತಂದವರು ಎತ್ತಿನ ಗಾಡಿಗೆ ಬಡಿದು ತೀರಿಕೊಂಡಿದ್ದರು. ಗಾಡಿ ಕೇಳಿ ತಂದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ನೋಡದೆ ಕೊಡುವ ಕಲಮಿನ ಕೆಳಗೆ ಅವನ ಮನೆಯವರಿಗೆ ಪರಿಹಾರ ಬರುವುದಿಲ್ಲ ಎಂದಿತು ಕೋರ್ಟ್. ತಪ್ಪು ಎದುರಿನ ಗಾಡಿಯದ್ದಾದರೆ ಆ ಗಾಡಿಯ ಇನ್ಶೂರೆನ್ಸಿನಿಂದ ಕೇಳಬಹುದು.

ಗಡಿಯವರಿಗೆ ಒಂದು ಮಾತು. ಕೆಎಲ್-14ರ, ಅಂದರೆ ಕಾಸರಗೋಡು ನೋಂದಣಿಯ ಕಾರು ತಲಪಾಡಿ ದಾಟಿ ಮಂಗಳೂರಿನಲ್ಲಿ ಗುದ್ದಿದರೂ ಪಾಲಿಸಿ ಅದೇ, ಅದು ದೇಶವಿಡೀ ನಡೆಯುತ್ತದೆ. ಪೆಟ್ಟಾದವರು ಪರಿಹಾರದ ಅರ್ಜಿಯನ್ನು ಅಪಘಾತ ನಡೆದಲ್ಲಿಯೇ ಹಾಕಬೇಕೆಂದಿಲ್ಲ. ತಾವಿರುವ ಕಾಸರಗೋಡಿನ ನ್ಯಾಯಮಂಡಳಿಯಲ್ಲೂ ಹಾಕಬಹುದು.

ಬಿಲ್ಲಿನಲ್ಲಿ ಉಳಿದ 9,000 ಹಿಡಿದುಕೊಂಡು ಭಾವ ಮನೆಗೆ ಬಂದಿದ್ದರು. "ನನಗೆ ಬೇಡ ಭಾವ, ಅದರಲ್ಲಿ ನಿಮ್ಮ ಹೆಸರಿಗೆ ಒಂದು ಅಪಘಾತ ವಿಮೆ ಮಾಡಿಸಿ" ಅಂದೆ. ಮಾಡಿಸಿದರು. ಮರುದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಎರಡು ಹಲಸಿನ ಹಣ್ಣೂ ಇದ್ದವು.