ಸೊಪ್ಪಿನೊಳಗೆ ಸೇರುವ ಮಾತ್ರೆ: ಕಡಿಮೆ ಮಾಡುವುದು ಹೇಗೆ?

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಒಂದೊಂದಾಗಿ ತುಂಬಿದವು. ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡಿತು. ಸಾವಿರ ಅಡಿ ಕೊರೆಸಿ ಸಾಲ ಮಾಡಿಕೊಂಡವರಿಗೆ ಅದು ಎಂಥ ಸಮಾಧಾನ ಎನ್ನುವುದು ನಮಗೆ ಗೊತ್ತು.

ಆದರೆ ಅದು ಬೆಂಗಳೂರಿನ ಬಚ್ಚಲು, ಶೌಚಾಲಯದ ನೀರು. ಎರಡು ಹಂತ ಶುದ್ಧ ಮಾಡಿ ಕಳಿಸುತ್ತಾರೆ. ಕೊಳೆ ತೆಗೆಯುವುದಕ್ಕೆಂದು ಕಟ್ಟಿದ ಘಟಕಗಳವು, ಔಷಧಿ ತೆಗೆಯುವುದಕ್ಕಲ್ಲ. ನಾವು ನುಂಗಿದ ಮಾತ್ರೆಯಲ್ಲಿ ಒಂದಿಷ್ಟು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಪ್ಯಾರಸಿಟಮಾಲ್ ಥರದ್ದನ್ನು ಘಟಕದ ಬ್ಯಾಕ್ಟೀರಿಯಾಗಳೇ ಬಹುಪಾಲು ಒಡೆದುಹಾಕುತ್ತವೆ. ಫಿಟ್ಸ್‌ಗೆ ಕೊಡುವ ಕಾರ್ಬಮಝೆಪಿನ್ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದುಬಿಡುತ್ತದೆ.

ಅದು ಊಟದ ತಟ್ಟೆಗೆ ಬರುತ್ತದಾ? ಬರುತ್ತದೆ. ಇಸ್ರೇಲಿನಲ್ಲಿ ಕೊಳಚೆ ನೀರಿನ ಬಹುಪಾಲು ಶುದ್ಧವಾಗಿ ಹೊಲಕ್ಕೇ ಹೋಗುತ್ತದೆ. ಅಲ್ಲಿ 34 ಆರೋಗ್ಯವಂತರಿಗೆ ಒಂದು ವಾರ ಅಂಥ ನೀರಿನ ತರಕಾರಿ, ಇನ್ನೊಂದು ವಾರ ಸಿಹಿನೀರಿನ ತರಕಾರಿ ಕೊಟ್ಟು ನೋಡಿದರು. ಶುದ್ಧೀಕರಿಸಿದ ನೀರಿನ ತರಕಾರಿ ತಿಂದವರ ಮೂತ್ರದಲ್ಲಿ ಕಾರ್ಬಮಝೆಪಿನ್ ಹೆಚ್ಚಾಯಿತು. ಇದು ಪ್ರಕಟವಾಗಿದ್ದು 2016ರಲ್ಲಿ. ಆ ಪ್ರಮಾಣ ರೋಗಿಗಳು ನುಂಗುವ ಮಾತ್ರೆಗೆ ಹೋಲಿಸಿದರೆ ತೀರಾ ಸಣ್ಣದು. ಹಾಗಾಗಿ ಹೆದರಿ ತರಕಾರಿ ಬಿಡಬೇಕಿಲ್ಲ. ಆದರೆ ಮಕ್ಕಳು ದಿನಾ ತಿನ್ನುವ ಸೊಪ್ಪಿನಲ್ಲಿ ಯಾರದೋ ಮಾತ್ರೆ ಇರಬಾರದು, ಅಲ್ವಾ?

ಮೊದಲು ನೀರು ನೋಡಿ. ಈ ಯೋಜನೆ ಇರುವುದು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದಕ್ಕೆ. ಕೆರೆಗೆ ನೇರವಾಗಿ ಪಂಪ್ ಇಟ್ಟು ತೋಟಕ್ಕೆ ಹಾಯಿಸಬೇಡಿ. ಮಣ್ಣಿನಲ್ಲಿ ಇಳಿಯುವಾಗ ಒಂದಿಷ್ಟು ಔಷಧಿ ಮಣ್ಣಿಗೇ ಅಂಟಿಕೊಳ್ಳುತ್ತದೆ, ಒಂದಿಷ್ಟು ಕೊಳೆತು ಹೋಗುತ್ತದೆ. ಕಾರ್ಬಮಝೆಪಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ನಿಜ. ಆದರೂ ಕೆರೆ ನೀರಿಗಿಂತ ಬೋರ್‌ವೆಲ್ ನೀರು ಮೇಲು. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಔಷಧಿ ಕಾಣುವುದಿಲ್ಲ. ಉಪ್ಪಿನಂಶ, ನೈಟ್ರೇಟ್ ನೋಡಬಹುದು ಅಷ್ಟೆ.

ಬೆಳೆ ಆರಿಸುವುದು. ನನ್ನ ಪ್ರಕಾರ ಅತಿ ಮುಖ್ಯವಾದ ಹೆಜ್ಜೆ ಇದೇ. ಬೇರು ನೀರು ಹೀರುವಾಗ ಕರಗಿದ ಔಷಧಿಯೂ ಮೇಲೇರುತ್ತದೆ. ಎಲೆಯಿಂದ ನೀರು ಆವಿಯಾಗುತ್ತದೆ, ಔಷಧಿ ಅಲ್ಲೇ ಕೂರುತ್ತದೆ. ಸಾರು ಕುದಿದು ಬತ್ತಿದರೆ ಉಪ್ಪು ಜಾಸ್ತಿಯಾಗುತ್ತದಲ್ಲ, ಹಾಗೆ. ಅದಕ್ಕೇ ದಂಟು, ಪಾಲಕ್, ಕೊತ್ತಂಬರಿಯಲ್ಲಿ ಹೆಚ್ಚು ಸೇರುತ್ತದೆ. ಕ್ಯಾರೆಟ್, ಮೂಲಂಗಿ ಆಮೇಲೆ. ಟೊಮೆಟೊ, ಬದನೆಯಂಥ ಕಾಯಿಗಳಲ್ಲಿ ಕಡಿಮೆ. ಕಾಳುಗಳಲ್ಲಿ ಇನ್ನೂ ಕಡಿಮೆ. ಆದ್ದರಿಂದ ಕೆರೆಯ ಪಕ್ಕದ ಹೊಲಕ್ಕೆ ಚೆಂಡುಹೂ, ಸೇವಂತಿಗೆ, ರಾಗಿ, ಅವರೆ, ಟೊಮೆಟೊ ಇಡಿ. ಸೊಪ್ಪಿನ ಮಡಿಯನ್ನು ಕೆರೆಯಿಂದ ದೂರದ ಬೋರ್‌ವೆಲ್‌ಗೆ ಇಲ್ಲವೇ ಕೃಷಿ ಹೊಂಡದ ಮಳೆನೀರಿಗೆ ಬಿಡಿ.

ಮಣ್ಣಿಗೆ ಗೊಬ್ಬರ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಅದು ಹೆಚ್ಚಾದಷ್ಟೂ ಕಾರ್ಬಮಝೆಪಿನ್‌ನಂಥ ಔಷಧಿ ಮಣ್ಣಲ್ಲೇ ಸಿಕ್ಕಿಕೊಂಡು ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. ಹಸಿ ಕೋಳಿ ಗೊಬ್ಬರ ಬೇಡ. ಕೋಳಿಗೆ ಕೊಟ್ಟ ಆ್ಯಂಟಿಬಯೋಟಿಕ್ ಅದರಲ್ಲೂ ಇರಬಹುದು. ಕಾಂಪೋಸ್ಟ್ ಮಾಡಿ ಹಾಕಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಇನ್ನೊಂದು ಮಾತು. ಬೇಸಿಗೆಯಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಲಕ್ಕೆ ಹೊಡೆಸುವುದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಈ ನೀರು ನಿಂತ ಕೆರೆಯ ಗೋಡನ್ನು ಮಾತ್ರ ಸುಮ್ನೆ ತಂದು ಹರಡಬೇಡಿ. ನೀರಿನಲ್ಲಿ ಬಂದ ಲೋಹ, ಔಷಧಿ ಕೆಳಗೆ ಕೂರುವುದು ಅಲ್ಲೇ.

ಡ್ರಿಪ್ ಹಾಕಿ, ಸ್ಪ್ರಿಂಕ್ಲರ್ ಬೇಡ. ಬೇರು ಹೀರುವುದನ್ನು ಡ್ರಿಪ್ ತಡೆಯುವುದಿಲ್ಲ. ಎಲೆ ನೆನೆಯುವುದು ತಪ್ಪುತ್ತದೆ, ರೋಗಾಣುಗಳೂ ಎಲೆಗೆ ತಾಗುವುದಿಲ್ಲ.

ಅಡುಗೆಮನೆಯಲ್ಲಿ. ಉಪ್ಪುನೀರಿನಲ್ಲಿ ಎಷ್ಟು ಸಲ ತೊಳೆದರೂ ಎಲೆಯೊಳಗೆ ಸೇರಿದ ಔಷಧಿ ಹೋಗುವುದಿಲ್ಲ. ಮಣ್ಣು, ರೋಗಾಣು, ಮೇಲಿನ ಕೀಟನಾಶಕ ಕಡಿಮೆ ಮಾಡಲು ತೊಳೆಯಲೇಬೇಕು. ಕ್ಯಾರೆಟ್, ಬೀಟ್‌ರೂಟ್ ಸಿಪ್ಪೆ ತೆಗೆಯಿರಿ. ಸೊಪ್ಪಿನಲ್ಲಿ ಬಲಿತ ಹಳೆಯ ಎಲೆಗಿಂತ ಎಳೆಯದು ಒಳ್ಳೆಯದು, ಹಳೆಯ ಎಲೆಯಲ್ಲಿ ಹೆಚ್ಚು ದಿನದ ಔಷಧಿ ಸೇರಿರುತ್ತದೆ.

ಕೊನೆಗೆ ಒಂದು ಫೋನ್. ನಮ್ಮ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಬೆಂಗಳೂರಿನಲ್ಲಿದ್ದಾರೆ. ಉಳಿದ ಮಾತ್ರೆ, ಸಿರಪ್ಪನ್ನು ಟಾಯ್ಲೆಟ್‌ಗೆ, ಸಿಂಕ್‌ಗೆ ಸುರಿಯಬೇಡಿ ಎಂದು ಅವರಿಗೆ ಹೇಳಿ. ಅವಧಿ ಮುಗಿದ ಔಷಧಿ ಮನೆಯ ಅಪಾಯಕಾರಿ ಕಸ ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಬೇರೆ ಕಟ್ಟಿ, ಗುರುತು ಮಾಡಿ ಕಸದವರಿಗೆ ಕೊಡಬೇಕು. ಫೆಂಟನಿಲ್, ಟ್ರಮಡಾಲ್‌ನಂಥ 17 ಔಷಧಿಗಳನ್ನು ಮಾತ್ರ ಟಾಯ್ಲೆಟ್‌ಗೇ ಹಾಕಿ ಎಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ತಿಳಿಸಿದೆ. ಅವು ಬೇರೆಯವರ ಕೈಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಮಿಕ್ಕಿದ್ದೆಲ್ಲ ಅಲ್ಲಿ ಸುರಿದರೆ ಪೈಪಿನಲ್ಲಿ ನಮ್ಮ ಕೆರೆಗೇ ಬರುತ್ತದೆ.