ಪಾಮೀರ್ ದಾರಿಯಲ್ಲಿ ಚಹಾಕ್ಕೆ ಕರೆದವರು

ತಜಿಕಿಸ್ತಾನದ ಪಾಮೀರ್ ಬೆಟ್ಟಗಳ ಕಡೆ ಸೈಕಲ್ ಹೊಡೆಯುತ್ತಾ ಕಲಾಯ್‌ಖುಮ್ ಊರು ದಾಟಿ ಹತ್ತು ಕಿಲೋಮೀಟರ್ ಆಗಿತ್ತು. ರಸ್ತೆ ಬದಿಯ ಮನೆ ಮುಂದೆ ಕೂತಿದ್ದ ಅಜ್ಜ ಎದ್ದು ನಿಂತರು. ಎದೆ ಮೇಲೆ ಕೈ ಇಟ್ಟು 'ಚೊಯ್, ಚೊಯ್' ಅಂತ ಕರೆದರು. ಚೊಯ್ ಅಂದರೆ ಚಹಾ. ಆಗ ಬೆಳಿಗ್ಗೆ ಹತ್ತೂವರೆ. ನನಗೆ ಆ ದಿನ ಇನ್ನೂ 50 ಕಿಲೋಮೀಟರ್ ಬಾಕಿ ಇತ್ತು. ಕೈ ಮುಗಿದು, ಬೇಡ ಅಂತ ತಲೆ ಅಲ್ಲಾಡಿಸಿದೆ. ಅಜ್ಜ 'ತಡಿ' ಅನ್ನುವ ಹಾಗೆ ಕೈ ಮಾಡಿ ಒಳಗೆ ಓಡಿದರು. ಬೊಗಸೆ ತುಂಬ ಹಣ್ಣು ತಂದು ನನ್ನ ಹ್ಯಾಂಡಲ್ ಬ್ಯಾಗಿಗೆ ಸುರಿದರು. ಹಳದಿ, ಮೆತ್ತನೆಯ ಹಣ್ಣು. 'ಜರ್ದೊಲು' ಅಂದರು. ನಮ್ಮ ಕಡೆ ಒಣಹಣ್ಣಿನ ಅಂಗಡಿಯಲ್ಲಿ ಸಿಗುವ ಜರ್ದಾಳು (ಏಪ್ರಿಕಾಟ್) ಇದೇ. ಹಸಿ ಹಣ್ಣು ತಿಂದಿದ್ದು ಅದೇ ಮೊದಲು.

ಆ ದಿನ 60 ಕಿಲೋಮೀಟರ್ ಪೂರ್ತಿ ಮುಗಿಸಿದೆ. ರಾತ್ರಿ ಟೆಂಟಿನಲ್ಲಿ ಕೂತು ಹಣ್ಣು ತಿನ್ನುವಾಗ ಮಾತ್ರ ಬೇಜಾರಾಯಿತು. ಏನು ಅವಸರ ಇತ್ತು ನನಗೆ?

ಇದು 2019ರ ಜುಲೈ ತಿಂಗಳ ಮಾತು. ತಜಿಕಿಸ್ತಾನದ ರಾಜಧಾನಿ ದುಶಾಂಬೆಯಿಂದ ಹೊರಟು, ಕುಲೋಬ್, ಖೊರೊಗ್, ವಖಾನ್ ಕಣಿವೆ ಹಿಡಿದು ಮುರ್ಗಾಬ್‌ವರೆಗೆ ಒಬ್ಬನೇ ಸೈಕಲ್ ಹೊಡೆಯುವುದು ನನ್ನ ಲೆಕ್ಕ. ಸುಮಾರು ಸಾವಿರ ಕಿಲೋಮೀಟರ್ ದಾರಿ. ಧಾರವಾಡದಲ್ಲಿ ಕೂತು ದಿನಕ್ಕಿಷ್ಟು ಅಂತ ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ. ಸ್ಟೀಲ್ ಫ್ರೇಮಿನ ಸೈಕಲ್, 26 ಇಂಚಿನ ಚಕ್ರ, ಎರಡು ಇಂಚು ಅಗಲದ ಟೈರು, ನಾಲ್ಕು ಬ್ಯಾಗು. ಪಾಮೀರ್ ಇರುವುದು ಗೋರ್ನೊ-ಬದಖ್ಶಾನ್ ಪ್ರಾಂತ್ಯದಲ್ಲಿ. ಅಲ್ಲಿಗೆ ವೀಸಾ ಜೊತೆ ಬೇರೆ ಪರವಾನಗಿಯೂ ಬೇಕು. ನಾನು ಇ-ವೀಸಾ ಅರ್ಜಿಯಲ್ಲೇ ಅದನ್ನು ಕೇಳಿದ್ದೆ. ದಾರಿಯುದ್ದಕ್ಕೂ ಚೆಕ್‌ಪೋಸ್ಟ್ ಇದ್ದವು. ಏಳೆಂಟು ಜೆರಾಕ್ಸ್ ಇಟ್ಟುಕೊಂಡಿದ್ದು ಬಹಳ ಉಪಯೋಗಕ್ಕೆ ಬಂತು.

ತಯಾರಿ ಇಷ್ಟು ಸಾಕು. ಜನರ ವಿಷಯ ಹೇಳಬೇಕು ನನಗೆ.

ಭಾಷೆ ಬರಲ್ಲ ಅನ್ನುವ ಹೆದರಿಕೆ ಬೇಗ ಹೋಯಿತು. ತಜಿಕ್ ಭಾಷೆ ಪಾರ್ಸಿಯ ಹತ್ತಿರದ್ದು. ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಬಜಾರ, ದೋಸ್ತ, ದರ್ವಾಜಾ ಹೊಸದಲ್ಲ. ಅಲ್ಲಿ ಅವು ಬೊಜೋರ್, ದೂಸ್ತ್, ದರ್ವೋಜಾ. ಕುಲೋಬ್‌ನಲ್ಲಿ ಅಂಗಡಿಗೆ ಹೋಗಿ ಧೈರ್ಯವಾಗಿ 'ಸಬ್ಜಿ' ಕೇಳಿದೆ. ಅಂಗಡಿಯಾಕೆ ಒಂದು ಕಿಲೋ ಗಜ್ಜರಿ ತೂಗಿ ಕೊಟ್ಟರು. ಅಲ್ಲಿ ಸಬ್ಜಿ ಅಂದರೆ ಗಜ್ಜರಿ! ಅದನ್ನೇ ತಿನ್ನುತ್ತಾ ಎರಡು ದಿನ ಹೋದೆ.

ಕಲಾಯ್‌ಖುಮ್‌ನಿಂದ ಮುಂದೆ ರಸ್ತೆ ಪಂಜ್ ನದಿಯ ದಂಡೆಯಲ್ಲೇ ಸಾಗುತ್ತದೆ. ಆಚೆ ದಡ ಅಫ್ಘಾನಿಸ್ತಾನ. ಕೆಲವು ಕಡೆ ಕಲ್ಲು ಎಸೆದರೆ ಮುಟ್ಟುವಷ್ಟು ಹತ್ತಿರ. ಒಂದು ಮುಂಜಾನೆ ಆಚೆ ಕಡೆ ಬಂಡೆಯ ಮೈಗೆ ಅಂಟಿಕೊಂಡಂತಿದ್ದ ಕಾಲುದಾರಿಯಲ್ಲಿ ಒಬ್ಬ ಮನುಷ್ಯ ಕತ್ತೆ ಹೊಡೆದುಕೊಂಡು ಹೊರಟಿದ್ದ. ನನ್ನ ದಿಕ್ಕೇ ಅವನದೂ. ನನಗೆ ಏರು, ಆದ್ದರಿಂದ ನನ್ನ ವೇಗವೂ ನಡಿಗೆಯಷ್ಟೇ. ಅವನು ಕೈ ಎತ್ತಿದ, ನಾನೂ ಎತ್ತಿದೆ. ನೀರಿನ ಸದ್ದಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಎರಡು ತಾಸು ಹಾಗೇ ಜೊತೆಯಾಗಿ ಹೋದೆವು. ನಾನು ನಿಂತರೆ ಅವನೂ ನಿಲ್ಲುತ್ತಿದ್ದ. ಮಧ್ಯಾಹ್ನ ಅವನು ಕಲ್ಲಿನ ಮೇಲೆ ಕೂತು, ಗಂಟು ಬಿಚ್ಚಿ, ರೊಟ್ಟಿ ಎತ್ತಿ ತೋರಿಸಿದ. ನಾನೂ ಸೈಕಲ್ ಮಲಗಿಸಿ ನನ್ನ ನಾನ್ ಎತ್ತಿ ತೋರಿಸಿದೆ. ಎದುರುಬದುರು ಕೂತು ಊಟ ಮಾಡಿದೆವು. ಆಮೇಲೆ ಅವನ ದಾರಿ ಒಂದು ಕಣಿವೆಯೊಳಗೆ ತಿರುಗಿತು. ಕೊನೆಯ ತಿರುವಿನಲ್ಲಿ ಎದೆ ಮೇಲೆ ಕೈ ಇಟ್ಟು ನಿಂತು, ಹೋದ.

19ನೇ ಶತಮಾನದಲ್ಲಿ ಬ್ರಿಟಿಷರು, ರಷ್ಯನ್ನರು ಈ ನದಿಯನ್ನು ಗಡಿ ಮಾಡಿಕೊಂಡರು. 1895ರಲ್ಲಿ ಪಾಮೀರಿನ ಗೆರೆ ಪಕ್ಕಾ ಆಯಿತು. ಎರಡು ಸಾಮ್ರಾಜ್ಯಗಳು ಒಂದಕ್ಕೊಂದು ತಾಗಬಾರದು ಅಂತ ನಡುವೆ ವಖಾನ್ ಪಟ್ಟಿಯನ್ನು ಅಫ್ಘಾನಿಸ್ತಾನಕ್ಕೆ ಬಿಟ್ಟರು. ಎರಡೂ ದಡದಲ್ಲಿ ಇರುವವರು ಒಂದೇ ಭಾಷೆಯ ಜನ. ಅವರನ್ನು ಯಾರೂ ಕೇಳಲಿಲ್ಲ. ಆ ನದಿ ಬದಿಯಲ್ಲಿ ಹೋಗುವಾಗ ಇದು ಎದೆಗೆ ನಾಟುತ್ತದೆ.

ಇಶ್ಕಾಶಿಮ್ ಊರು ದಾಟಿದ ಮೇಲೆ ನನ್ನ ಹೊಟ್ಟೆ ಕೆಟ್ಟಿತು. ಹೊಳೆ ನೀರನ್ನು ಫಿಲ್ಟರ್ ಮಾಡದೆ ಕುಡಿದಿದ್ದೆ, ಅದು ನನ್ನದೇ ತಪ್ಪು. ಯಾಮ್ಚುನ್ ಕೋಟೆ ಇರುವ ಕಡೆ, ಒಂದು ಹಳ್ಳಿಯ ನೀರಿನ ಕಾಲುವೆ ಹತ್ತಿರ ಕೂತವನಿಗೆ ಏಳಲು ಆಗಲಿಲ್ಲ. ಶಾಲೆ ಹುಡುಗನೊಬ್ಬ ನೋಡಿ ಅಮ್ಮನನ್ನು ಕರೆತಂದ. ಆಕೆ ಏನೂ ಕೇಳಲಿಲ್ಲ. ಸೈಕಲ್ಲನ್ನು ಮಗ ತಳ್ಳಿದ, ನನ್ನನ್ನು ಆಕೆ ರಟ್ಟೆ ಹಿಡಿದು ನಡೆಸಿದರು.

ಎರಡು ದಿನ ಆ ಮನೆಯಲ್ಲಿ ಮಲಗಿದ್ದೆ. ಪಾಮೀರಿ ಮನೆಯೊಳಗೆ ಐದು ಕಂಬ. ಅಲ್ಲಿಯ ಇಸ್ಮಾಯಿಲಿ ಜನ (ಶಿಯಾ ಮುಸ್ಲಿಮರ ಒಂದು ಪಂಗಡ) ಅವಕ್ಕೆ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಅಂತ ಹೆಸರು ಹೇಳುತ್ತಾರೆ. ಮಾಳಿಗೆಯ ನಡುವೆ ಬೆಳಕಿಂಡಿ. ನಾಲ್ಕು ಚೌಕಟ್ಟು, ಒಂದರ ಮೇಲೊಂದು ಓರೆಯಾಗಿ ಕೂರಿಸಿದ್ದು. ಭೂಮಿ, ನೀರು, ಗಾಳಿ, ಬೆಂಕಿ ಅಂತ ಹುಡುಗ ಬೆರಳು ಮಡಿಚಿ ಎಣಿಸಿದ. ಹಾಸಿಗೆಯಲ್ಲಿ ಬಿದ್ದುಕೊಂಡು, ಆ ಬೆಳಕಿನ ಚೌಕ ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯುವುದನ್ನೇ ನೋಡುತ್ತಿದ್ದೆ.

ಆಕೆಯನ್ನು ನಾನು ಅಕ್ಕ ಅಂತಲೇ ಕರೆದೆ. ಅರ್ಥ ಕೇಳಿ ನಕ್ಕರು. ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ, ಗಂಡ ಮಾಸ್ಕೋದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಮೊದಲ ದಿನ ಹಾಲಿಲ್ಲದ ಚಹಾ, ಅನ್ನದ ಗಂಜಿ. ಮರುದಿನ 'ಶೀರ್ ಚೊಯ್' ಕೊಟ್ಟರು. ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ. ಅದರಲ್ಲಿ ನಾನ್ ಮುರಿದು ಹಾಕಿ ತಿನ್ನುವುದು. ಉಪ್ಪಿನ ಚಹಾ ನನಗೆ ಸೇರಲ್ಲ ಅಂದುಕೊಂಡಿದ್ದೆ. ಎರಡು ಬಟ್ಟಲು ಖಾಲಿ ಮಾಡಿದೆ. ಹೊರಡುವಾಗ ದುಡ್ಡು ಕೊಡಲು ಹೋದರೆ ಮುಖ ತಿರುಗಿಸಿದರು. ಆಮೇಲೆ ಹುಡುಗನ ಸೈಕಲ್ ಕಣ್ಣಿಗೆ ಬಿತ್ತು. ಚೈನು ತುಕ್ಕು ಹಿಡಿದು ಬಿಗಿಯಾಗಿತ್ತು, ಹಿಂದಿನ ಬ್ರೇಕು ಇರಲೇ ಇಲ್ಲ. ಅರ್ಧ ದಿನ ಕೂತು ರಿಪೇರಿ ಮಾಡಿದೆ. ನನ್ನ ಹತ್ತಿರ ಇದ್ದ ಬ್ರೇಕ್ ಕೇಬಲ್ ಹಾಕಿದೆ. ಅದನ್ನು ಮಾತ್ರ ಅಕ್ಕ ಬೇಡ ಅನ್ನಲಿಲ್ಲ. ಎಕ್ಸೆಲ್ ಶೀಟನ್ನು ಆಮೇಲೆ ನಾನು ತೆರೆಯಲೇ ಇಲ್ಲ.

ಲಂಗರ್ ಹಳ್ಳಿ ಆದ ಮೇಲೆ ಡಾಂಬರು ಇಲ್ಲ, ಊರೂ ಇಲ್ಲ. ಮರಳು, ಇಲ್ಲವೆ ತಗಡಿನ ಶೀಟಿನ ಹಾಗೆ ಗೀರುಗೀರಾದ ನೆಲ. ಖರ್ಗುಷ್ ಘಾಟಿಯ ಎತ್ತರ 4,344 ಮೀಟರ್. ಎರಡೂವರೆ ದಿನ ಹಿಡಿಯಿತು, ಅರ್ಧಕ್ಕಿಂತ ಜಾಸ್ತಿ ತಳ್ಳಿಕೊಂಡೇ ಹೋದೆ. ಖರ್ಗುಷ್ ಸೇನಾ ಚೆಕ್‌ಪೋಸ್ಟ್‌ನಲ್ಲಿ ಇನ್ನೂ ಮೀಸೆ ಮೂಡದ ಹುಡುಗರು ಬಂದೂಕು ಹಿಡಿದು ನಿಂತಿದ್ದರು. 'ಅಜ್ ಕುಜೋ?' ಎಲ್ಲಿಂದ? 'ಹಿಂದುಸ್ತಾನ್' ಅಂದೆ. 'ಮಿಥುನ್!' ಅಂತ ಒಬ್ಬ ಕೂಗಿದ. ಸೋವಿಯೆತ್ ಕಾಲದಲ್ಲಿ ಹಿಂದಿ ಸಿನಿಮಾ ಅಲ್ಲೆಲ್ಲ ಬಹಳ ಓಡಿದ್ದವು. ಅಜ್ಜಂದಿರು ರಾಜ್ ಕಪೂರ್ ಅನ್ನುತ್ತಿದ್ದರು, ಇವರು ಮಿಥುನ್ ಚಕ್ರವರ್ತಿ. ಪಾಸ್‌ಪೋರ್ಟ್ ನೋಡಿ ಮುಗಿಸಿ, ಒಲೆ ಹತ್ತಿರ ಕೂರಿಸಿದರು. ನನ್ನ ಫ್ಲಾಸ್ಕಿಗೆ ಬಿಸಿನೀರು ತುಂಬಿ ಕೊಟ್ಟರು. ಆ ಗಾಳಿಯಲ್ಲಿ ಬಿಸಿನೀರಿನ ಬೆಲೆ ಹೇಗೆ ಹೇಳಲಿ?

ಅಲಿಚೂರ್‌ನಿಂದ ಮುರ್ಗಾಬ್‌ಗೆ ಒಳ್ಳೆ ರಸ್ತೆ. ಬೆನ್ನಿಗೆ ಗಾಳಿ. ಎರಡು ದಿನದಲ್ಲಿ ಮುಗಿಯಿತು.

ಮುರ್ಗಾಬ್‌ನಿಂದ ವಾಪಸ್ ಶೇರ್ ಜೀಪಿನಲ್ಲಿ. ಸೈಕಲ್ಲನ್ನು ಮೇಲೆ ಕಟ್ಟಿದ್ದರು. ಖೊರೊಗ್‌ನಲ್ಲಿ ಜೀಪು ಬದಲಾಯಿಸಿ, ಕಲಾಯ್‌ಖುಮ್ ಹತ್ತಿರ ಬರುತ್ತಿದ್ದಂತೆ ಕಿಟಕಿಗೆ ಮುಖ ಒತ್ತಿ ಕೂತೆ. ಆ ಮನೆ ಕಂಡ ಕೂಡಲೇ ಡ್ರೈವರ್ ಭುಜ ಮುಟ್ಟಿ 'ಚೊಯ್' ಅಂದೆ. ಜೀಪು ನಿಂತಿತು. ಅಜ್ಜ ಇರಲಿಲ್ಲ, ಹುಲ್ಲು ಕೊಯ್ಯಲು ಮೇಲಿನ ಹೊಲಕ್ಕೆ ಹೋಗಿದ್ದರಂತೆ. ಮೊಮ್ಮಗಳು ನಮ್ಮೆಲ್ಲರನ್ನೂ ಒಳಗೆ ಕರೆದಳು. ಚಹಾ ಬಂತು, ನಾನ್ ಬಂತು. ಮಾಳಿಗೆ ಮೇಲಿಂದ ಒಂದು ತಟ್ಟೆ ಜರ್ದೊಲು ತಂದಿಟ್ಟಳು. ಅಷ್ಟರಲ್ಲಿ ಅವು ಒಣಗಿ, ನಮ್ಮೂರ ಅಂಗಡಿಯ ಜರ್ದಾಳಿನ ಹಾಗೇ ಆಗಿದ್ದವು.