33 ಆನಿ, 8 ಗೂಡು: ಚೆಸ್ ಬೋರ್ಡ್ ಪ್ರೂಫ್ ಬರಿಯೋದು ಹೆಂಗ

ನಮ್ಮ ಕೊಪ್ಪಳ ಕಡೆ ಒಲಿಂಪಿಯಾಡ್‌ಗೆ ಓದೋ ಹುಡುಗರು ಐಒಕ್ಯೂಎಂ (ಗಣಿತ ಒಲಿಂಪಿಯಾಡಿನ ಮೊದಲ ಹಂತದ ಪರೀಕ್ಷೆ) ಒಳಗ ಪಟಪಟ ಉತ್ತರ ಹಾಕ್ತಾರ, ಅಲ್ಲಿ ಬರೇ ಸಂಖ್ಯೆ ತುಂಬಿದ್ರ ಆತು. ಆರ್‌ಎಂಒ (ಅದರ ಮುಂದಿನ, ಪ್ರಾದೇಶಿಕ ಹಂತ) ಒಳಗ ಪ್ರೂಫ್ ಬರೀರಿ ಅಂದ್ರ ಮಾತ್ರ ಪೆನ್ನು ನಿಂತುಬಿಡತೈತಿ. ಅದಕ್ಕ ಒಂದು ಲೆಕ್ಕ ಹಿಡ್ಕೊಳ್ಳೋಣು: 8×8 ಬೋರ್ಡಿನ ಮ್ಯಾಲ 33 ಆನಿ ಹೆಂಗರ ಇಡ್ರಿ, ಅದರಾಗ ಒಂದನ್ನೊಂದು ಹೊಡಿಯದಂಥ 5 ಆನಿ ಇದ್ದೇ ಇರ್ತಾವ. ಅಂದ್ರ ಆ 5ರಾಗ ಯಾವ ಎರಡೂ ಒಂದೇ ಅಡ್ಡಸಾಲು, ಒಂದೇ ಉದ್ದಸಾಲಿನ್ಯಾಗ ಇರಬಾರ್ದು. ನಡುವ ಬ್ಯಾರೆ ಕಾಯಿ ಅಡ್ಡ ಐತಿ ಅನ್ನೋ ವಾದ ಬ್ಯಾಡ.

ಮೊದಲ ಬೋರ್ಡ್ ಬರ್ಕೊಳ್ರಿ. ಚೆಸ್ ಸೆಟ್ಟಿನ್ಯಾಗ ಆನಿ ಇರೋದೇ 4, ಇನ್ನ ಆ ಅಗ್ಗದ ಮ್ಯಾಗ್ನೆಟ್ ಬೋರ್ಡ್ ಅಂತೂ ರೊಕ್ಕ ದಂಡ, ಕಾಯಿ ಬೆರಳಿಗೇ ಸಿಗಂಗಿಲ್ಲ. ಶಹಾಬಾದ್ ಪರಸಿ ಮ್ಯಾಲ ಸೀಮೆಸುಣ್ಣದ ಗೆರಿ, ಒಂದು ಹಿಡಿ ಹುಣಸಿ ಬೀಜ ಸಾಕು.

ಆದ್ರ ಬೀಜ ಇಟ್ಟು ಇಟ್ಟು "ಪ್ರತಿ ಸಲಾನೂ ಬಂತ್ರಿ ಸರ್" ಅಂದ್ರ ಅದು ಪ್ರೂಫ್ ಅಲ್ಲ. 33 ಆನಿ ಇಡೋ ರೀತಿ ಎಷ್ಟದಾವ ಅಂದ್ರ ಆ ಸಂಖ್ಯೆಗೇ 19 ಅಂಕಿ!

ಪ್ರೂಫಿಗೆ ಆಧಾರ ಪಾರಿವಾಳ-ಗೂಡಿನ ತತ್ವ: ಗೂಡಿಗಿಂತ ಪಾರಿವಾಳ ಹೆಚ್ಚಿದ್ರ ಒಂದು ಗೂಡಿನ್ಯಾಗ ಒಂದಕ್ಕಿಂತ ಹೆಚ್ಚು ಬರಲೇಬೇಕು. ಇಲ್ಲಿ ಆನಿನೇ ಪಾರಿವಾಳ, ಬೋರ್ಡಿನ ಮನಿಗಳ (ಚೌಕಗಳ) ಒಂದು ಗುಂಪೇ ಗೂಡು. ಈಗ ಗೂಡು ಆರಿಸೋದು, ಎಲ್ಲಾರೂ ಮುಗ್ಗರಿಸೋದು ಇಲ್ಲೇ. "ಅಡ್ಡಸಾಲು 8, ಆನಿ 33, ಒಂದು ಸಾಲಿನ್ಯಾಗ 5 ಬಂತು, ಮುಗೀತು" ಅಂತಾರ. ಬಂತು ಖರೆ, ಆದ್ರ ಅವು ಒಂದೇ ಸಾಲಿನ್ಯಾಗ ಕುಂತು ಹೊಡದಾಡ್ತಾವಲ್ಲ, ನಮಗ ಬೇಕಾದ್ದು ಅದರ ಉಲ್ಟಾ. ಒಂದು ಗೂಡಿನ ಯಾವ ಎರಡು ಮನಿ ತಗೊಂಡ್ರೂ ಆನಿ ಹೊಡಿಯಬಾರ್ದು, ಅಂಥ ಗೂಡು ಬೇಕು. ಸ್ವಲ್ಪ ಶಾಣ್ಯಾ ಹುಡುಗರು ಕರ್ಣ ಹಿಡೀತಾರ, ದಾರಿ ಸರಿ ಐತಿ, ಆದ್ರ ಒಂದು ದಿಕ್ಕಿಗೆ ಕರ್ಣ 15 ಅದಾವ, 33ನ್ನ 15ಕ್ಕ ಹಂಚಿದ್ರ 3ರ ಗ್ಯಾರಂಟಿ ಅಷ್ಟ ಸಿಗತೈತಿ.

ಹಂಗಾಗಿ ಕರ್ಣ ಜೋಡಿಸ್ರಿ. ಪ್ರತಿ ಮನಿಯೊಳಗ ಅಡ್ಡಸಾಲಿನ ನಂಬರ್, ಉದ್ದಸಾಲಿನ ನಂಬರ್ ಕೂಡಿಸಿ 8ರಿಂದ ಭಾಗಿಸಿ ಶೇಷ ಬರೀರಿ. ಒಂದೇ ಶೇಷದ ಮನಿಗಳೆಲ್ಲಾ ಸೇರಿ ಒಂದು ಗೂಡು. ಮೊದಲ ಸಾಲು 2, 3, 4, 5, 6, 7, 0, 1 ಆಗತೈತಿ, ಎರಡನೇದು 3, 4, 5, 6, 7, 0, 1, 2. 7 ಮನಿಯ ಕರ್ಣಕ್ಕ ಎದುರು ಮೂಲಿಯ ಒಂಟಿ ಮನಿ ಜೋಡಿ, 6ಕ್ಕ 2, 5ಕ್ಕ 3, 4ಕ್ಕ 4, ನಡುವಿನ 8ರ ಕರ್ಣ ತಾನ ಒಂದು ಗೂಡು. ಒಂದೇ ಸಾಲಿನ್ಯಾಗ ಒಂದೇ ಶೇಷ ಎರಡು ಸಲ ಬರಬೇಕಂದ್ರ ನಂಬರಿನ ಫರಕು 8 ಇರಬೇಕು, ಬೋರ್ಡಿನ್ಯಾಗ ಭಾಳ ಅಂದ್ರ 7. ಈ ಮಾತು ಬರೀಲಿಲ್ಲಂದ್ರ ಮಾರ್ಕ್ಸ್ ಹೋತು ಅನ್ರಿ.

ಉಳಿದದ್ದು ಒಂದೇ ಮಾತಿನ ಕೆಲಸ. ಗೂಡು 8, ಪ್ರತಿಯೊಂದ್ರಾಗ 4ಕ್ಕಿಂತ ಹೆಚ್ಚಿಲ್ಲಂದ್ರ ಒಟ್ಟು 32 ಆಗತೈತಿ, ನಮ್ಮಲ್ಲಿ 33 ಅದಾವ, ಹಂಗಾಗಿ ಒಂದು ಗೂಡಿನ್ಯಾಗ 5 ಬರಲೇಬೇಕು.

ಅಡ್ಡಸಾಲು ಹಿಡದ್ರೂ ದಾರಿ ಐತಿ, ಕಡಿಮಿ ಅಂದ್ರ 5, 4, 3, 2, 1 ಆನಿ ಇರೋ ಸಾಲು ಒಂದೊಂದಾಗಿ ತಗದು ಸಣ್ಣದರಿಂದ ಆರಿಸ್ತಾ ಬರಬೇಕು. ಪರೀಕ್ಷೆಯೊಳಗ ಅದು ಉದ್ದ, ಬಿಡ್ರಿ, ಕರ್ಣಾನೇ ಹಿಡೀರಿ.

32 ಆನಿ ಸಾಲಂಗಿಲ್ಲೇನು ಅಂತ ಕೇಳಿದ್ರ 4 ಅಡ್ಡಸಾಲು ಪೂರಾ ತುಂಬಿ ತೋರಿಸ್ರಿ, ಯಾವ 5 ಆರಿಸಿದ್ರೂ ಎರಡು ಒಂದೇ ಸಾಲಿಗೆ ಬೀಳ್ತಾವ. ಪ್ರಶ್ನೆಯೊಳಗ ಕೇಳಿಲ್ಲಂದ್ರ ಇದನ್ನ ಬರ್ಕೋತ ಟೈಮ್ ಹಾಳ್ ಮಾಡ್ಕೋಬ್ಯಾಡ್ರಿ.